ನಡುವಿನ ಪದ

ಬಾವುಟಗುಡ್ಡೆಯಿಂದ ಇಳಿಯುವ ರಸ್ತೆಯಲ್ಲಿ
ಡುಪ್ಲಿಕೇಟ್ ಕೀ ಮಾಡುವ ಇದಿನಬ್ಬರ ಪೆಟ್ಟಿಗೆಗೆ ತಾಗಿಕೊಂಡು
ಹಿಲರಿ ಪೊರ್ಬುಗಳ ಜೆರಾಕ್ಸ್ ಅಂಗಡಿ.
ಆರಡಿ ಅಗಲ.
ಒಳಗೆ ಯಂತ್ರದ ಸೆಕೆ, ಹೊರಗೆ ಮೇ ತಿಂಗಳಿನದು.

ಅರ್ಧ ಊರು ಇಲ್ಲಿ ಒಮ್ಮೆಯಾದರೂ
ಗಾಜಿನ ಮೇಲೆ ಕವುಚಿ ಮಲಗಿ ಎದ್ದಿದೆ:
ಅಂಕಪಟ್ಟಿ, ಜ್ಞಾನಸ್ನಾನದ ಸರ್ಟಿಫಿಕೇಟು,
ಮೂಲಗೇಣಿಯ ಹಳದಿ ಹಾಳೆ, ಬೋಟಿನ ಲೈಸನ್ಸು.
ಮುಚ್ಚಳದಡಿ ಹಸಿರು ಬೆಳಕು ಹೋಗಿ ಬರುತ್ತದೆ.
ತನ್ನನ್ನು ಓದಿದರೆಂದು
ಕಾಗದಕ್ಕೆ ಗೊತ್ತೇ ಆಗುವುದಿಲ್ಲ.

ನಾನು ಕೊಟ್ಟದ್ದು ಎಂಟು ಪುಟ, ನಾಳೆಯ ಪಾಠ.
"ಎಂತ ಟೀಚರ್ ಇದು?"
ಕಾಪಿ ತೆಗೆಯಲಾಗದ್ದು ಒಂದು ಉಂಟು, ಅದರ ಬಗ್ಗೆ.
"ಟೋನರ್ ಸರಿಯಿಲ್ಲವೋ?"
ಟೋನರಲ್ಲ. ಯಾವ ಯಂತ್ರಕ್ಕೂ ಆಗದು.
ಒಂದು ಬೆಳಕಿನ ಕಣ. ಅದು ಯಾವ ಸ್ಥಿತಿಯಲ್ಲಿದೆಯೆಂದು
ನನಗೆ ಮೊದಲೇ ಗೊತ್ತಿಲ್ಲವಾದರೆ
ನೋಡಿ ತಿಳಿಯುವ ಹಾಗಿಲ್ಲ:
ಕೇಳಿದ ಒಂದು ಪ್ರಶ್ನೆಗೆ ಉತ್ತರ ಕೊಟ್ಟು
ಉಳಿದದ್ದನ್ನು ಮರೆತುಬಿಡುತ್ತದೆ.
ನೋಡದೆ ಅಂಥದೇ ಇನ್ನೊಂದು ಮಾಡುವ ಹಾಗೂ ಇಲ್ಲ.

ಇದಿನಬ್ಬರು ಅರ ಉಜ್ಜುವುದು ನಿಲ್ಲಿಸಿದರು.
"ಅಂದರೆ ಆ ಬೀಗಕ್ಕೆ ಒಂದೇ ಕೀ."
ಹೌದೆಂದೆ. ಪೂರ್ತಿ ಹೌದಲ್ಲ,
ಆ ಬಿಸಿಲಿಗೆ ಅಷ್ಟು ಸಾಕು.

"ಮತ್ತೆ ಬೇರೆ ಊರಿಗೆ ಕಳಿಸಬೇಕಾದರೆ?"
ಮೊದಲೇ ಹಂಚಿಕೊಂಡ ಒಂದು ಜೋಡಿ ಬೇಕು ಪೊರ್ಬುಗಳೇ,
ಜೊತೆಗೆ ಒಂದು ಫೋನ್ ಕರೆ.
ಇಲ್ಲಿಯದು ಇಲ್ಲವಾದ ಮೇಲೆಯೇ ಅಲ್ಲಿ ಅದು.
"ಹಾಂ, ಗ್ಯಾಸ್ ಸಿಲಿಂಡರು" ಎಂದರು,
ನಾನು ನಲ್ವತ್ತು ನಿಮಿಷ ಹೇಳುವುದನ್ನು.

ಕೆಳಗೆ ಬಸ್ಸಿನ ಬಾಗಿಲಲ್ಲಿ ನೇತಾಡುತ್ತಾ ಒಬ್ಬ
ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್.
ನೂರು ಕಿವಿಗೆ ಹೊಕ್ಕರೂ
ಅವನ ಬಾಯಲ್ಲಿ ಅಷ್ಟೇ ಉಳಿದಿರುತ್ತದೆ.
ಹೀಗೆ ಎಲ್ಲರ ಕೈಗೂ ಒಂದೊಂದು ಪ್ರತಿ ಸಿಕ್ಕಿದ್ದಕ್ಕೇ
ವಸ್ತುಸ್ಥಿತಿ ಎಂದು ಹೆಸರಿಟ್ಟಿದ್ದೇವೋ ಏನೋ.
ಒಂದೇ ಇದ್ದು, ಯಾರಿಗೂ ಪೂರ್ತಿ ಸಿಗದೆ ಉಳಿದದ್ದಕ್ಕೆ
ಏನೆನ್ನಬೇಕೆಂದು ನನಗಿನ್ನೂ ಗೊತ್ತಿಲ್ಲ.

ಸಂಜೆ ನೆಹರೂ ಮೈದಾನದ ಬದಿಯಲ್ಲಿ
ಹಸಿಮಾವು, ತೆಂಗಿನೆಣ್ಣೆ ಹಾಕಿಸಿ ಚರುಮುರಿ ತಿಂದೆ.
ಪೊಟ್ಟಣ ಬಿಡಿಸಿದರೆ
ಯಾರದೋ ಎಂಟನೆಯ ತರಗತಿಯ ಉತ್ತರಪತ್ರಿಕೆ.
ಎ ಪ್ಲಸ್ ಬಿ, ಇಡೀ ವರ್ಗ.
ಹುಡುಗ ಬರೆದಿದ್ದಾನೆ:
ಎ ವರ್ಗ ಪ್ಲಸ್ ಬಿ ವರ್ಗ. ಅಡಿಗೆರೆ ಎಳೆದು ಮುಗಿಸಿದ್ದಾನೆ.
ಪಕ್ಕದಲ್ಲಿ ಕೆಂಪು ಶಾಯಿ:
ಎರಡು ಎಬಿ ಎಲ್ಲಿ?

ನನ್ನ ಎಂಟು ಪುಟ ಇಷ್ಟೇ.
ಇದನ್ನು ಕಾಪಿ ಮಾಡಬಲ್ಲ, ಅದನ್ನೂ ಮಾಡಬಲ್ಲ ಯಂತ್ರಕ್ಕೆ
ಇದೂ ಅದೂ ಕೂಡಿದ್ದೊಂದನ್ನು ಕೊಟ್ಟರೆ
ಅದು ಈ ಹುಡುಗನ ಉತ್ತರವನ್ನೇ ಬರೆಯುತ್ತದೆ:
ಇದರ ಪಕ್ಕ ಇದು, ಅದರ ಪಕ್ಕ ಅದು.
ಇದರ ಪಕ್ಕ ಅದು, ಅದರ ಪಕ್ಕ ಇದು
ಇರಬೇಕಾದ ನಡುವಿನ ಜಾಗ ಖಾಲಿ.
ಎಷ್ಟು ವರ್ಷ ಕಲಿಸಿದೆ,
ಅದು ಬೀಜಗಣಿತದ ಮೊದಲ ತಪ್ಪೆಂದು ಹೊಳೆದಿರಲಿಲ್ಲ.

ಹುಡುಗನ ಹೆಸರು ಹರಿದುಹೋಗಿತ್ತು.
ಇಪ್ಪತ್ತೈದಕ್ಕೆ ಹನ್ನೊಂದು.

ಬೆಳಿಗ್ಗೆ ಗಾಜಿನ ಮೇಲೆ ಅದನ್ನು ಬಿಡಿಸಿಟ್ಟೆ.
"ಎಣ್ಣೆ ಹಿಡಿದಿದೆ ಮಾರಾಯ್ರೆ" ಎಂದು ಗೊಣಗುತ್ತಲೇ ಒತ್ತಿದರು.
ಬೆಳಕು ಹೋಗಿ ಬಂತು.
ಬಂದ ಹಾಳೆಯಲ್ಲಿ ಎಣ್ಣೆಯ ಕಲೆ ಮೋಡ ಕವಿದ ಹಾಗೆ,
ಹುಡುಗನ ಅಕ್ಷರ, ಮೇಷ್ಟ್ರ ಕೆಂಪು ಎರಡೂ ಒಂದೇ ಕಪ್ಪು.
ಬರೆದವರು ಯಾರು, ತಿದ್ದಿದವರು ಯಾರು, ಗುರುತಿಲ್ಲ.

ಪೊರ್ಬುಗಳು ಎರಡನ್ನೂ ಬಿಸಿಲಿಗೆ ಹಿಡಿದು ನೋಡಿದರು.
"ದುಡ್ಡು ಬೇಡ ಟೀಚರ್,
ಇದು ಕಾಪಿ ಆಗಲಿಲ್ಲ."

ಇದಿನಬ್ಬರಿಗೆ ಬೇಕಾದದ್ದು ಬೇರೆ:
ಚರುಮುರಿ ಯಾವ ಗಾಡಿಯದು?